ಕಾಡಪ್ಪನ ವಾರ

ಶಿವರಾತ್ರಿ ಕಳೆದ ಮೂರನೆಯ ದಿನ, ಮಧ್ಯಾಹ್ನ ಎರಡೂಕಾಲು ಗಂಟೆಗೆ ಇದು ಶುರುವಾಯಿತು. ಬೆಳಗಿನ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೆ ಪೀಣ್ಯದ ತಗಡಿನ ಚಾವಣಿಗಳು ಆಗಲೇ ಬೇಸಿಗೆ ಬಂದಿತೆಂದು ನಂಬಿ ಕಾಯತೊಡಗಿದ್ದವು. ಮೊದಲ ಪಾಳಿಯವರು ಹೊರಗೆ ಹೋಗಿದ್ದರು, ಎರಡನೆಯ ಪಾಳಿಯವರು ಒಳಗೆ ಬಂದಿದ್ದರು. ಕ್ಯಾಂಟೀನಿನಲ್ಲಿ ಊಟದ ತಟ್ಟೆ ತೊಳೆಯುವ ಸದ್ದು ಮಾತ್ರ ಉಳಿದಿತ್ತು. ಅಲ್ಲಿ ಒಂದು ಬಿಳಿ ಹಲಗೆಯನ್ನು ತಂದು ನೀರಿನ ಡ್ರಮ್ಮಿಗೆ ಒರಗಿಸಿದ್ದರು. ಹಲಗೆಯ ಎದುರಿಗೆ ಮೂರು ಜನ ಕೂತಿದ್ದರು. ಶೇಖವ್ವ, ಭುವನೇಶ್ವರಿ, ಕಾಡಪ್ಪ.

ಮೂವರೂ ಫಿನಿಷಿಂಗ್ ಟೇಬಲ್ಲಿನವರು. ಆ ಕಾರ್ಖಾನೆಯಲ್ಲಿ ಹಿತ್ತಾಳೆಯ ವಾಲ್ವ್ ತಯಾರಾಗುತ್ತಿತ್ತು. ಮಿಷನ್ನಿನಿಂದ ಬಂದ ಪೀಸಿನ ಅಂಚಿಗೆ ಸಣ್ಣ ಮುಳ್ಳಿನ ಹಾಗೆ ಲೋಹ ಎದ್ದಿರುತ್ತದೆ. ಅದಕ್ಕೆ ಬರ್ ಎನ್ನುತ್ತಾರೆ. ಅರ ಹಿಡಿದು ಅದನ್ನು ಉಜ್ಜಿ ತೆಗೆಯುವುದು ಇವರ ಕೆಲಸ. ನಿಂತು ಮಾಡುವ ಕೆಲಸ. ಬಾದಾಮಿ ಕಡೆಯಿಂದ ಬಂದ ಶೇಖವ್ವ ಅಲ್ಲಿ ಹನ್ನೊಂದು ವರ್ಷದಿಂದ ನಿಂತಿದ್ದಳು. ವಯಸ್ಸು ನಲವತ್ತಾರು. ಮೊಳಕಾಲಿನ ವಯಸ್ಸು ಅದಕ್ಕಿಂತ ಹತ್ತು ಹೆಚ್ಚು. ಲಗ್ಗೆರೆಯಲ್ಲಿ ಅವಳ ಬಾಡಿಗೆ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಸಂಜೆ ಆ ಮೆಟ್ಟಿಲನ್ನು ಅವಳು ಒಂದೊಂದಕ್ಕೂ ಎರಡೂ ಕಾಲು ಕೂಡಿಸಿ ಹತ್ತುತ್ತಿದ್ದಳು. ಆಸ್ಪತ್ರೆಯ ಡಾಕ್ಟರು ಫೋಟೋ ತೆಗೆಸಿ ನೋಡಿ, ನಿಲ್ಲುವುದು ಕಡಿಮೆ ಮಾಡಿ ಎಂದಿದ್ದರು. ಎಷ್ಟು ಕಡಿಮೆ ಎಂದು ಹೇಳಿರಲಿಲ್ಲ.

ಇಡೀ ಕಾರ್ಖಾನೆಯಲ್ಲಿ ಕೂತು ಕೆಲಸ ಮಾಡುವ ಜಾಗ ಒಂದೇ ಇತ್ತು. ಅದು ಇನ್ಸ್‌ಪೆಕ್ಷನ್ ಟೇಬಲ್ಲು. ಅಲ್ಲೊಂದು ಕಬ್ಬಿಣದ ಸ್ಟೂಲು. ಅದರ ಮೇಲೆ ಇದ್ದ ಬಸಲಿಂಗ ಜನವರಿಯಲ್ಲಿ ನೆಲಮಂಗಲದ ಕಡೆ ಬೇರೆ ಕೆಲಸಕ್ಕೆ ಹೋದ ಮೇಲೆ ಸ್ಟೂಲು ಖಾಲಿ ಬಿದ್ದಿತ್ತು. ಶೇಖವ್ವ ದಿನಕ್ಕೆ ನಾಲ್ಕು ಸಲ ಅದರ ಪಕ್ಕದಲ್ಲಿ ಹಾದುಹೋಗುತ್ತಿದ್ದಳು. ಒಂದು ಸಲವೂ ಕೂತು ನೋಡಿರಲಿಲ್ಲ.

ಎಚ್.ಆರ್. ನಂದೀಶ್ ಮೂವರನ್ನೂ ಕರೆದು ವಿಷಯ ಹೇಳಿದ್ದ. ಅವನು ಟಿ. ದಾಸರಹಳ್ಳಿಯ ಹುಡುಗ. ಅವರ ಅಜ್ಜನ ರಾಗಿ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಎರಡು ಕಟ್ಟಡಗಳಿದ್ದವು.

"ಫಾರಿನ್ ಕಸ್ಟಮರ್ ಬಂದಿದಾರೆ ಕಣ್ರಮ್ಮ. ಪ್ರತಿ ಲಾಟಿಗೂ ಇಂಗ್ಲಿಷಲ್ಲಿ ರಿಪೋರ್ಟ್ ಬರೀಬೇಕಂತೆ. ಅವ್ರು ಕಳ್ಸಿರೋ ಸ್ಯಾಂಪಲ್‌ಗಿಂತ ನಮ್ದು ನುಣುಪಾ, ಒರಟಾ, ತೂಕ ಜಾಸ್ತಿನಾ, ಕಮ್ಮಿನಾ, ಅಷ್ಟೇ. ಆರು ವಾರ ಕ್ಲಾಸ್ ಇಡಿಸ್ತೀನಿ. ಚೆನ್ನಾಗಿ ಕಲ್ತೋರಿಗೆ ಆ ಸೀಟು."

ಸೀಟು ಎಂಬ ಮಾತನ್ನು ಶೇಖವ್ವ ಸರಿಯಾಗಿಯೇ ಕೇಳಿಸಿಕೊಂಡಳು.

ಕ್ಲಾಸು ತೆಗೆದುಕೊಳ್ಳಲು ಬಂದವಳು ದೀಪಶ್ರೀ. ಯಾವುದೋ ಟ್ಯೂಷನ್ನಿನಿಂದ ಕಳುಹಿಸಿದ್ದರು. ಮೆಟ್ರೋ ಇಳಿದು ಬಿಸಿಲಲ್ಲಿ ನಡೆದು ಬರುತ್ತಿದ್ದಳು, ಬಂದ ಕೂಡಲೇ ಒಂದು ಲೋಟ ನೀರು ಕುಡಿದು ಪಾಠ ಶುರು ಮಾಡುತ್ತಿದ್ದಳು. ಶೇಖವ್ವ ಓದಿದ್ದು ನಾಲ್ಕನೆಯ ಇಯತ್ತೆ. ಇಂಗ್ಲಿಷ್ ಅಕ್ಷರಗಳನ್ನು ಅವಳು ಪ್ಯಾಕಿಂಗ್ ಡಬ್ಬಗಳ ಮೇಲಿಂದ ಒಂದೊಂದಾಗಿ ಹೆಕ್ಕಿಕೊಂಡಿದ್ದಳು. ಭುವನೇಶ್ವರಿ ಎಸ್ಸೆಸ್ಸೆಲ್ಸಿ ಪಾಸಾದವಳು, ಇಪ್ಪತ್ನಾಲ್ಕರ ಹುಡುಗಿ, ಲಗ್ಗೆರೆಯ ಅದೇ ಕಟ್ಟಡದಲ್ಲಿ ಕೆಳಗಿನ ಕೋಣೆಯವಳು. ಕಾಡಪ್ಪನಿಗೆ ಐವತ್ತೆಂಟು ತುಂಬಲು ಐದಾರು ತಿಂಗಳಿತ್ತು. ಆಗಸ್ಟಿನಲ್ಲಿ ರಿಟೈರು. ಕ್ಲಾಸಿನಲ್ಲಿ ಚಹಾ ಕೊಡುತ್ತಾರೆ ಎಂದು ಬಂದಿದ್ದ. ಅದನ್ನು ಮುಚ್ಚಿಟ್ಟಿರಲಿಲ್ಲ.

ಮೊದಲ ದಿನ ದೀಪಶ್ರೀ ಹೇಳಿದಳು. ಕನ್ನಡದಲ್ಲಿ ಹೋಲಿಸುವಾಗ ಪದವನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ಗಿಂತ ಎಂದು ಇಟ್ಟರೆ ಮುಗಿಯಿತು. ಇಂಗ್ಲಿಷಿನಲ್ಲಿ ಪದದ ಮೈಯೇ ಬದಲಾಗಬೇಕು. ಸಣ್ಣ ಪದವಾದರೆ ಅದರ ಹಿಂದೆ ಇ ಆರ್. ಸ್ಮೂತ್ ಇದ್ದದ್ದು ಸ್ಮೂದರ್, ರಫ್ ಇದ್ದದ್ದು ರಫರ್. ಪದ ಉದ್ದವಾದರೆ ಅದನ್ನು ಮುಟ್ಟದೆ ಮುಂದೆ ಮೋರ್ ಎಂದು ಹಾಕಬೇಕು. ಮೋರ್ ಕೇರ್‌ಫುಲ್, ಮೋರ್ ಆಕ್ಯುರೇಟ್.

ಕಾಡಪ್ಪ ಚಹಾ ಕೆಳಗಿಟ್ಟ. "ಅಂದ್ರ ಸಣ್ಣ ಮಂದಿ ತಮ್ಮ ಗಂಟು ತಾವ ಬೆನ್ನಿಗೆ ಕಟ್ಕೋಬೇಕ್ರಿ. ದೊಡ್ಡ ಮಂದಿಗೆ ಮುಂದ ಒಬ್ಬ ಆಳು ನಡೀತಾನ."

ದೀಪಶ್ರೀ ಸ್ವಲ್ಪ ಯೋಚಿಸಿದಳು. "ಹೌದು. ಹಾಗೇ ಇಟ್ಕೊಳ್ಳಿ."

"ಗುಡ್‌ಗೆ ಏನ್ರಿ ಮೇಡಂ? ಗುಡ್ಡರ್ ಏನು?" ಭುವನೇಶ್ವರಿ ಕೇಳಿದಳು.

"ಇಲ್ಲ. ಗುಡ್ ಹೋಗಿ ಬೆಟರ್ ಬರುತ್ತೆ. ಬ್ಯಾಡ್ ಹೋಗಿ ವರ್ಸ್."

"ಊರ ಬಿಟ್ರು ಅವರಿಬ್ರೂ," ಎಂದ ಕಾಡಪ್ಪ.

"ಇನ್ನೊಂದು ನೆನಪಿರಲಿ. ಎರಡನ್ನೂ ಒಟ್ಟಿಗೆ ಹಾಕಬಾರದು. ಮೋರ್ ಸ್ಮೂದರ್ ಅನ್ನಬಾರದು. ತಲೆ ಮೇಲೆ ಎರಡು ಟೋಪಿ ಹಾಕ್ಕೊಂಡ ಹಾಗೆ."

ಭುವನೇಶ್ವರಿ ಕೈ ಎತ್ತಿ ಗೋಡೆಯನ್ನು ತೋರಿಸಿದಳು. ಅಲ್ಲಿ ಕನ್ನಡಕ ಹಾಕಿಕೊಂಡು ಕೆಲಸ ಮಾಡಿ ಎಂಬ ಇಂಗ್ಲಿಷ್ ನೋಟೀಸು ಅಂಟಿಸಿತ್ತು. ಅದರ ಮೊದಲ ಸಾಲಿನಲ್ಲಿ ಮೋರ್ ಸೇಫರ್ ಎಂದಿತ್ತು. ಕೆಳಗೆ ನಂದೀಶನ ಸಹಿ. ದೀಪಶ್ರೀ ನೋಟೀಸನ್ನು ಓದಿದಳು, ಸಹಿಯನ್ನೂ ಓದಿದಳು. "ಅದನ್ನ ಬಿಡಿ," ಎಂದಳು.

ಮೂರು ದಿನ ಪೀಸು, ಅರ, ಸ್ಯಾಂಪಲ್ಲು ಎಂದು ವಾಕ್ಯ ಬರೆದದ್ದಾಯಿತು. ಹಿತ್ತಾಳೆ ಅಲ್ಯುಮಿನಿಯಂಗಿಂತ ಭಾರ. ಹೆವಿಗೆ ಇ ಆರ್ ಹಚ್ಚುವಾಗ ವಾಯ್ ಹೋಗಿ ಐ ಬರಬೇಕು. ಬಿಗ್‌ಗೆ ಹಚ್ಚುವಾಗ ಇನ್ನೊಂದು ಜಿ ಬೇಕು. ಶೇಖವ್ವ ಎಲ್ಲವನ್ನೂ ಬರೆದುಕೊಂಡಳು. ಮಾರನೆಯ ದಿನ ಟೇಬಲ್ಲಿನ ಮುಂದೆ ನಿಂತು ಅರ ಆಡಿಸುತ್ತ ತುಟಿಯೊಳಗೇ ಹೇಳಿಕೊಂಡಳು. ನಾಲ್ಕನೆಯ ದಿನ ದೀಪಶ್ರೀಗೆ ಪೀಸು ಸಾಕಾಯಿತು.

"ನಾಳೆಯಿಂದ ಮನುಷ್ಯರ ಬಗ್ಗೆ ಬರೀರಿ. ನೀವು ಮೂವರಿದ್ದೀರಲ್ಲ, ಒಬ್ಬರಿಗೊಬ್ಬರನ್ನ ಹೋಲಿಸಿ. ಯಾರು ಎತ್ತರ, ಯಾರು ಚುರುಕು, ಯಾರ ಕೆಲಸ ಚೆನ್ನ."

ಮೂವರೂ ಪೆನ್ನು ಕೆಳಗಿಟ್ಟರು. ತಟ್ಟೆ ತೊಳೆಯುವವನೂ ಅದೇ ಹೊತ್ತಿಗೆ ನಲ್ಲಿ ನಿಲ್ಲಿಸಿದ.

ಈ ಮೂವರ ಊರ ಕಡೆ ಹೀಗೆ ಎದುರಿಗೆ ಕೂಡಿಸಿಕೊಂಡು ಯಾರನ್ನೂ ಅಳೆಯುವುದಿಲ್ಲ. ಶೇಖವ್ವನ ಅತ್ತೆ ಮುದುಕವ್ವನಿಗೆ ಇಬ್ಬರು ಸೊಸೆಯರಿದ್ದರು. ಒಂಬತ್ತು ವರ್ಷ ಒಂದೇ ಒಲೆ. ಆ ಒಂಬತ್ತು ವರ್ಷವೂ ಅತ್ತೆ ಈಕೆಯದೊಂದು ರೊಟ್ಟಿ, ಆಕೆಯದೊಂದು ರೊಟ್ಟಿ ತಿಂದು, ಎರಡೂ ಛಲೋ ಆಗ್ಯಾವು ಎಂದು ಕೈ ತೊಳೆದಳು. ಮೂರನೆಯ ರೊಟ್ಟಿ ಬೇಕಾದ ದಿನ ಹಸಿದುಕೊಂಡೇ ಎದ್ದಳು. ಅಂಥ ಮನೆಯಿಂದ ಬಂದವಳು ಭುವನೇಶ್ವರಿಯ ಮುಖ ನೋಡಿಕೊಂಡು ನಾನು ನಿನಗಿಂತ ಎಂದು ಹೇಗೆ ಬರೆದಾಳು? ಆ ಹುಡುಗಿ ರಾತ್ರಿ ಇವಳ ಮೊಳಕಾಲಿಗೆ ಎಣ್ಣೆ ತಿಕ್ಕುವವಳು.

"ಒಂದ ಕೆಲಸ ಮಾಡೂಣು," ಎಂದ ಕಾಡಪ್ಪ. "ಪಾಳಿ ಹಚ್ಚೂಣು."

"ಯಾತರ ಪಾಳಿ ಕಾಕಾ?" ಭುವನೇಶ್ವರಿ ಕೇಳಿದಳು.

"ಹೆಚ್ಚಿನ ಪಾಳಿ. ಒಂದ ವಾರ ಶೇಖವ್ವ ಎಲ್ಲಾದರಾಗೂ ಹೆಚ್ಚು. ಮುಂದಿನ ವಾರ ನೀ. ಆಮ್ಯಾಲ ನಾ. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು ಇಲ್ಲೇನು, ಹಂಗ. ಯಾರಿಗೂ ಕಮ್ಮಿ ಇಲ್ಲ, ಯಾರಿಗೂ ಹೆಚ್ಚಿಲ್ಲ."

ಕಾರ್ಖಾನೆಯಲ್ಲಿ ಯಾರಿಗೂ ಬೇಡವಾದ ಕೆಲಸವನ್ನೂ, ಎಲ್ಲರಿಗೂ ಬೇಕಾದ ಕೆಲಸವನ್ನೂ ಹಂಚುವುದು ಹಾಗೆಯೇ. ಶೇಖವ್ವನಿಗೆ ಎದೆ ಹಗುರಾಯಿತು.

ದೀಪಶ್ರೀ ಕಾಡಪ್ಪನನ್ನು ನೋಡಿದಳು. ಐದಡಿ ಒಂದಂಗುಲದ ಮನುಷ್ಯ. "ನಿಮ್ಮ ವಾರದಲ್ಲಿ ನೀವು ಇವರಿಗಿಂತ ಎತ್ತರ ಅಂತ ಬರೀತೀರಾ?"

"ಬರೀತೀನ್ರಿ. ಟಾಲ್‌ಗೆ ಇ ಆರ್ ಹಚ್ಚಿದ್ರ ಸರಿ ಐತಿಲ್ರಿ ಮೇಡಂ?"

"ಸರಿ ಇದೆ."

"ಮತ್ತ?"

ದೀಪಶ್ರೀ ಗಡಿಯಾರ ನೋಡಿದಳು. ಮೂರು ಗಂಟೆಗೆ ಐದು ನಿಮಿಷ ಇತ್ತು. "ಬರೀರಿ," ಎಂದಳು.

ಹೀಗೆ ಪಾಳಿ ನಡೆಯಿತು. ಮೊದಲ ವಾರ ಶೇಖವ್ವನದು. ಅವಳು ಇಬ್ಬರಿಗಿಂತ ಎತ್ತರ, ಇಬ್ಬರಿಗಿಂತ ಚುರುಕು, ಇಬ್ಬರಿಗಿಂತ ಚೆಂದ. ಚೆಂದ ಎಂಬುದಕ್ಕೆ ಬ್ಯೂಟಿಫುಲ್, ಉದ್ದ ಪದ, ಮುಂದೆ ಮೋರ್ ಬೇಕು. ಅದನ್ನು ಕಾಡಪ್ಪ ಗಂಭೀರವಾಗಿ ಬರೆದು ತೋರಿಸಿದ. ಎರಡನೆಯ ವಾರ ಭುವನೇಶ್ವರಿಯದು. ಆ ವಾರ ಕ್ರಿಯೆಯ ಮಾತುಗಳು ಬಂದವು. ಕೇರ್‌ಫುಲಿ, ಕ್ವಿಕ್ಲಿ ಎಂದು ಎಲ್ ವಾಯ್ ಬಾಲ ಇರುವವಕ್ಕೆ ಮತ್ತೊಂದು ಬಾಲ ಹಚ್ಚಬಾರದು, ಮುಂದೆ ಮೋರ್ ಹಾಕಬೇಕು. ಫಾಸ್ಟ್, ಹಾರ್ಡ್ ಇವಕ್ಕೆ ಇ ಆರ್ ಸಾಕು. ಭುವನೇಶ್ವರಿ ವರ್ಕ್ಸ್ ಹಾರ್ಡರ್ ದ್ಯಾನ್ ಶೇಖವ್ವ. ಇದನ್ನು ಬರೆಯುವಾಗ ಶೇಖವ್ವನಿಗೆ ಏನೂ ಅನ್ನಿಸಲಿಲ್ಲ. ಆ ವಾರ ಹಾಗಿತ್ತು.

ಮೂರನೆಯ ವಾರ ಕಾಡಪ್ಪನದು. ಆ ವಾರದ ಗುರುವಾರ ನಂದೀಶ್ ಕ್ಲಾಸಿಗೆ ಬಂದ. ಕೈಯಲ್ಲಿ ಮೊಬೈಲು.

"ಕಸ್ಟಮರ್ ಅರ್ಜೆಂಟ್ ಮಾಡ್ತಿದಾರೆ ಮೇಡಂ. ಇನ್ಸ್‌ಪೆಕ್ಟರ್ ಹೆಸ್ರು ಇವತ್ತೇ ಬೇಕಂತೆ. ಟ್ರೈನಿಂಗ್ ಆಗಿರೋದಕ್ಕೆ ಪ್ರೂಫೂ ಬೇಕಂತೆ. ಮೂರು ಬುಕ್ ಕೊಡಿ."

ಮೂರು ನೋಟ್‌ಬುಕ್ಕಿನ ಅಂದಿನ ಪುಟಗಳ ಫೋಟೋ ತೆಗೆದುಕೊಂಡ. ತೆಗೆಯುತ್ತಲೇ ಓದಿದ. ಮೊದಲ ಪುಸ್ತಕ ಓದಿ ಎರಡನೆಯದನ್ನು ಓದಿದ. ಮೂರನೆಯದನ್ನು ಓದುವಾಗ ಅವನ ಹುಬ್ಬು ಮೇಲೆ ಹೋಯಿತು.

"ಎಲ್ಲರೂ ಒಂದೇ ಬರ್ದಿದಾರಲ್ಲ ಗುರು!" ಎಂದು ತನಗೆ ತಾನೇ ಹೇಳಿಕೊಂಡ.

ಮೂರರಲ್ಲೂ ಕಾಡಪ್ಪ ಶೇಖವ್ವನಿಗಿಂತ ಎಚ್ಚರದಿಂದ ಕೆಲಸ ಮಾಡುತ್ತಿದ್ದ. ಭುವನೇಶ್ವರಿಗಿಂತ ಬೇಗ ಮುಗಿಸುತ್ತಿದ್ದ. ಅವನ ಕಣ್ಣು ಇಬ್ಬರ ಕಣ್ಣಿಗಿಂತ ಚೂಪಾಗಿತ್ತು. ಭುವನೇಶ್ವರಿಯ ಪುಸ್ತಕದ ಕೊನೆಯ ಸಾಲಿನಲ್ಲಿ ಕಾಡಪ್ಪ ಅವಳಿಗಿಂತ ವಯಸ್ಸಿನಲ್ಲಿ ಚಿಕ್ಕವನೂ ಆಗಿದ್ದ. ನಂದೀಶ್ ಅಲ್ಲಿಯವರೆಗೆ ಓದಲಿಲ್ಲ, ಫೋನು ಬಂತು.

ಶುಕ್ರವಾರ ಗೇಟಿನ ಹತ್ತಿರದ ಬೋರ್ಡಿನಲ್ಲಿ ಚೀಟಿ ಅಂಟಿತು. ಕಾಡಪ್ಪ, ಇನ್ಸ್‌ಪೆಕ್ಷನ್, ಸೋಮವಾರದಿಂದ. ಜೊತೆಯವರ ಒಮ್ಮತದ ಅಭಿಪ್ರಾಯದ ಮೇರೆಗೆ ಎಂದೂ ಬರೆದಿತ್ತು.

ಭುವನೇಶ್ವರಿ ಅದನ್ನು ಎರಡು ಸಲ ಓದಿದಳು. "ಯಕ್ಕಾ, ಹೋದ ವಾರ ಬಂದಿದ್ರ ನಾ ಕುಂದ್ರತಿದ್ದೆ ಬೇ."

"ಅದರ ಹಿಂದಿನ ವಾರ ಬಂದಿದ್ರ ನಾ," ಎಂದಳು ಶೇಖವ್ವ.

"ನನಗೇನ್ ಕುಂದ್ರಾಕ ಬ್ಯಾಡ ಬಿಡು. ಕುಂತ್ರ ನಿದ್ದಿ ಬರ್ತೈತಿ. ನಿನಗ ಬೇಕಾಗಿತ್ತು."

ಶೇಖವ್ವ ಮನೆಗೆ ಹೋಗುವಾಗ ಮೆಟ್ಟಿಲನ್ನು ಎಣಿಸಿದಳು. ಮೂವತ್ತನಾಲ್ಕು. ಮೊದಲೂ ಅಷ್ಟೇ ಇದ್ದವು.

ಸೋಮವಾರ ಕಾಡಪ್ಪ ಸ್ಟೂಲಿನ ಮೇಲೆ ಕೂತ. ಅದಕ್ಕೂ ಮುಂಚೆ ಅರ್ಧ ತಾಸು ಅದರ ಪಕ್ಕದಲ್ಲಿ ನಿಂತಿದ್ದ. ಬಸಲಿಂಗನ ಹಳೆಯ ಬಟ್ಟೆಯಿಂದ ಅದನ್ನು ಒರೆಸಿದ. ನಾ ಎದ್ದು ಬಿಡಲೇನು ಎಂದು ಶೇಖವ್ವನನ್ನು ಕೇಳಬೇಕೆಂದು ಅವನಿಗೆ ಇದ್ದಂತೆ ಇತ್ತು. ಆದರೆ ಏಳಬೇಕಾದರೆ ಮೊದಲು ಕೂರಬೇಕು. ಕೂತ. ಕೂತ ಮೇಲೆ ಅವನ ಮುಖದಲ್ಲಿ ಏನೋ ಸಡಿಲಾಯಿತು, ಕಣ್ಣು ಮುಚ್ಚಿಕೊಂಡ. ಇಪ್ಪತ್ತೆಂಟು ವರ್ಷ ನಿಂತ ಮನುಷ್ಯ. ಅವನು ಏಳಲಿಲ್ಲ. ಶೇಖವ್ವ ಅದನ್ನು ತನ್ನ ಟೇಬಲ್ಲಿನಿಂದ ನೋಡಿದಳು, ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅದೇ ಕಷ್ಟವಾಯಿತು. ತಪ್ಪು ಕಂಡಿದ್ದರೆ ಬೈಯಬಹುದಿತ್ತು.

ಕಾಡಪ್ಪನ ಕಣ್ಣು ಮಾತ್ರ ಅವನ ವಾರದಲ್ಲಿ ಚೂಪಾದಷ್ಟು ಚೂಪಾಗಿರಲಿಲ್ಲ. ಅಂಚಿನಲ್ಲಿ ಬರ್ ಉಳಿದಿದೆಯೋ ಇಲ್ಲವೋ ತಿಳಿಯದಿದ್ದಾಗ ಪೀಸನ್ನು ಶೇಖವ್ವನ ಹತ್ತಿರ ಕಳುಹಿಸುತ್ತಿದ್ದ. ಶೇಖವ್ವನ ಸೆರಗಿನ ತುದಿಯಲ್ಲಿ ಯಾವಾಗಲೂ ಚೂರು ಹತ್ತಿ ಇರುತ್ತಿತ್ತು. ಅದನ್ನು ಅಂಚಿನ ಮೇಲೆ ಹಗುರಾಗಿ ಎಳೆಯುತ್ತಿದ್ದಳು. ಎಳೆ ಸಿಕ್ಕಿಕೊಂಡರೆ ಬರ್ ಇದೆ, ಜಾರಿದರೆ ಇಲ್ಲ. ಅವಳು ಪೀಸನ್ನು ವಾಪಸು ಕಳುಹಿಸಿದ ಮೇಲೆ ಕಾಡಪ್ಪ ಅದಕ್ಕೆ ಸ್ಮೂದರ್ ದ್ಯಾನ್ ಸ್ಯಾಂಪಲ್ ಎಂದು ಬರೆಯುತ್ತಿದ್ದ. ಅಕ್ಷರ ಮುದ್ದಾಗಿದ್ದವು. ಕೆಲಸ ಅವಳು ನಿಂತು ಮಾಡಿದ್ದು, ಅವನು ಕೂತು ಬರೆದದ್ದು.

ಯುಗಾದಿ ಬಂತು, ಹೋಯಿತು. ಬೇವು ಬೆಲ್ಲ ತಿಂದು ಬಂದ ಮುಂದಿನ ಸೋಮವಾರ ಹನ್ನೊಂದು ಗಂಟೆಯ ಹೊತ್ತಿಗೆ ಶೇಖವ್ವನ ಬಲ ಮೊಳಕಾಲು ಅವಳ ಮಾತು ಕೇಳದೆ ಮಡಚಿಕೊಂಡಿತು. ಟೇಬಲ್ಲಿನ ಅಂಚು ಹಿಡಿದು ನಿಂತಳು. ಭುವನೇಶ್ವರಿ ಓಡಿಬಂದಳು. ನೀ ಹೋಗು, ಪಾಳಿ ಮುಗಿದ ಮ್ಯಾಲ ನೋಡೂಣು ಎಂದಳು ಶೇಖವ್ವ. ಪಾಳಿ ಮುಗಿದ ಮೇಲೆ ನೇರವಾಗಿ ನಂದೀಶನ ಕ್ಯಾಬಿನ್ನಿಗೆ ಹೋದಳು.

ಹೇಳಬೇಕಾದ ಮಾತನ್ನು ದಾರಿಯಲ್ಲಿ ಕನ್ನಡದಲ್ಲಿ ಜೋಡಿಸಿಕೊಂಡಿದ್ದಳು. ಸಾಹೇಬರ, ಕಾಡಪ್ಪಣ್ಣನಕಿಂತ ನನ್ನ ಕೆಲಸ ಛಲೋ ಐತಿ. ಬಾಗಿಲಲ್ಲಿ ನಿಂತಾಗ ಆ ಮಾತು ಕನ್ನಡದಲ್ಲಿ ಹೊರಡಲಿಲ್ಲ. ನಲವತ್ತಾರು ವರ್ಷದಲ್ಲಿ ಅವಳು ಯಾರ ಬಗ್ಗೆಯೂ ಹಾಗೆ ಅಂದವಳಲ್ಲ, ತನ್ನ ಬಗ್ಗೆಯಂತೂ ಇಲ್ಲವೇ ಇಲ್ಲ. ನಂದೀಶ್ ಕಂಪ್ಯೂಟರಿನಿಂದ ತಲೆ ಎತ್ತಿದ.

"ಹೇಳಿ ಶೇಖವ್ವ."

"ಸಾರ್," ಎಂದಳು ಶೇಖವ್ವ. "ಐ ಆಮ್ ಬೆಟರ್ ದ್ಯಾನ್ ಕಾಡಪ್ಪ."

ನಂದೀಶ್ ಕಿವಿಯಲ್ಲಿದ್ದ ಇಯರ್‌ಫೋನು ತೆಗೆದ. "ಏನಂದ್ರಿ?"

ಶುರು ಮಾಡಿದ ಮೇಲೆ ಅದು ಅಷ್ಟೊಂದು ಕಷ್ಟವಿರಲಿಲ್ಲ. "ಐ ವರ್ಕ್ ಮೋರ್ ಕೇರ್‌ಫುಲಿ. ಮೈ ಐಸ್ ಆರ್ ಶಾರ್ಪರ್. ಮೈ ನೀ ಈಸ್ ವರ್ಸ್."

ಆ ವಾರದ ಪಾಳಿ ಭುವನೇಶ್ವರಿಯದಾಗಿತ್ತು. ಶೇಖವ್ವನಿಗೆ ಅದು ಗೊತ್ತಿತ್ತು.

"ಆದ್ರೆ ನೀವೇ ಬರ್ದಿದೀರಲ್ಲಮ್ಮ, ಕಾಡಪ್ಪನೇ ಎಲ್ಲದ್ರಲ್ಲೂ ಜಾಸ್ತಿ ಅಂತ. ಫೋಟೋ ಐತೆ ನನ್ ಹತ್ರ."

"ಅದು ಅವರ ವಾರ ಇತ್ರಿ."

"ವಾರ ಅಂದ್ರೆ?"

ಶೇಖವ್ವ ಪಾಳಿಯ ವಿಷಯ ಹೇಳಿದಳು. ಯಾರು ಮೊದಲು, ಯಾರು ಆಮೇಲೆ, ಎಲ್ಲ. ನಂದೀಶ್ ಪೂರ್ತಿ ಕೇಳಿದ. ಕೇಳಿ ಮೊಬೈಲಿನಲ್ಲಿ ಆ ಮೂರು ಫೋಟೋ ತೆಗೆದು ನೋಡಿದ.

"ಅಂದ್ರೆ ಮೂರು ಬುಕ್ಕಲ್ಲಿರೋದೂ ಸುಳ್ಳು."

"ಸುಳ್ಳಲ್ರಿ. ಪಾಳಿ."

ನಂದೀಶ್ ದೀಪಶ್ರೀಗೆ ಫೋನು ಮಾಡಿದ. ನಾನು ಗ್ರಾಮರ್ ತಿದ್ದಿದ್ದೀನಿ ಸಾರ್, ನಿಜ ತಿದ್ದೋದು ನನ್ನ ಸಿಲಬಸ್ಸಲ್ಲಿ ಇರಲಿಲ್ಲ ಎಂದು ಅವಳು ಹೇಳಿದ್ದು ಶೇಖವ್ವನಿಗೂ ಕೇಳಿಸಿತು. ಅವನು ಫೋನು ಇಟ್ಟ.

"ನೋಡಿಮ್ಮ, ನೀವು ಹೇಳೋದು ನಂಗರ್ಥ ಆಯ್ತು. ಆದ್ರೆ ಕಸ್ಟಮರ್‌ಗೆ ಹೋಗ್ಬಿಟ್ಟಿದೆ. ಇವಾಗ ಅವ್ರಿಗೆ ಇದು ಪಾಳಿ ಅಂತ ಇಂಗ್ಲಿಷಲ್ಲಿ ಹೆಂಗ್ ಬರೀಲಿ? ಕಂಪ್ನಿ ಮರ್ಯಾದೆ ಏನಾಗುತ್ತೆ? ಆಗಸ್ಟಲ್ಲಿ ಅವ್ರು ರಿಟೈರಾಗ್ತಾರೆ. ಆಮೇಲೆ ಸೀಟು ನಿಮ್ದೇ."

"ಅಲ್ಲೀತನಕ ಫಿನಿಷಿಂಗ್ ಟೇಬಲ್ಲಿಗೆ ಒಂದು ಸ್ಟೂಲು ಕೊಡ್ರಿ."

"ಅದು ನಿಂತ್ಕೊಳ್ಳೋ ಕೆಲ್ಸ ಅಂತ ಕಾಗ್ದದಲ್ಲಿದೆ. ಒಬ್ರಿಗ್ ಕೊಟ್ರೆ ಎಲ್ರಿಗೂ ಕೊಡ್ಬೇಕು."

ಶೇಖವ್ವ ಬೆರಳು ಮಡಚಿದಳು. ಏಪ್ರಿಲ್, ಮೇ, ಜೂನ್, ಜುಲೈ. ನಾಲ್ಕು ಬೆರಳು. ನಂದೀಶ್ ಒಳ್ಳೆಯ ಹುಡುಗನೇ. ಹೊರಗೆ ಹೋಗುವಾಗ ಬಾಗಿಲು ಹಿಡಿದುಕೊಂಡ, ನಿಮ್ ಇಂಗ್ಲಿಷ್ ಸಕ್ಕತ್ತಾಗಿದೆ ಎಂದ.

ಹೊರಗೆ ಬಾಗಿಲಿನ ಪಕ್ಕದಲ್ಲಿ ಕಾಡಪ್ಪ ದಿನದ ರಿಪೋರ್ಟಿನ ಹಾಳೆ ಹಿಡಿದು ನಿಂತಿದ್ದ. ಯಾವಾಗ ಬಂದನೋ. ಐದು ವಾರದ ಪಾಠದ ಮೇಲೆ ಅಷ್ಟು ಇಂಗ್ಲಿಷ್ ಅವನಿಗೆ ತಿಳಿಯುತ್ತಿತ್ತು.

"ಕೇರ್‌ಫುಲಿ ಅಂದಿ," ಎಂದ. "ಎಲ್ ವಾಯ್ ಬಿಡಲಿಲ್ಲ."

ಶೇಖವ್ವ ನೆಲ ನೋಡಿದಳು. "ತಪ್ಪ ತಿಳಕೋಬ್ಯಾಡ ಅಣ್ಣಾ."

"ತಪ್ಪೇನೈತಿ. ನೀ ಅಂದದ್ದು ಖರೇ ಐತಿ." ಹಾಳೆಯನ್ನು ಮಡಚಿ ಮತ್ತೆ ಬಿಡಿಸಿದ. "ಆದ್ರ ಕುಂತ ಮ್ಯಾಲ ಏಳಾಕ ಆಗವಲ್ದು ತಂಗಿ. ನಾ ಸುಳ್ಳ ಹೇಳಂಗಿಲ್ಲ. ಮುಂಜಾನಿ ಎದ್ದು ಬರಬೇಕಾದ್ರ ಇವತ್ತ ಅಕಿಗೆ ಬಿಟ್ಟುಕೊಡ್ತೀನಿ ಅಂತ ಅಂದುಕೊಂಡ ಬರ್ತೀನಿ. ಕುಂತ್ನೆಪ್ಪಾ ಅಂದ್ರ ಮುಗೀತು."

"ಗೊತ್ತೈತಿ," ಎಂದಳು ಶೇಖವ್ವ. ಅವಳಿಗೆ ಗೊತ್ತಿತ್ತು. ತಾನು ಕೂತಿದ್ದರೂ ಹಾಗೇ ಆಗುತ್ತಿತ್ತು.

ಮರುದಿನದಿಂದ ಅವಳು ಪಾಳಿ ಮುಗಿದ ಮೇಲೆ ಕ್ಲಾಸಿಗೆ ಹೋಗಲಿಲ್ಲ. ಪೀಣ್ಯದ ರಸ್ತೆಗಳಲ್ಲಿ ಒಂದೊಂದೇ ಗೇಟಿಗೆ ಹೋಗಿ, ಕುಂತು ಮಾಡೂ ಕೆಲಸ ಐತ್ರೀ ಎಂದು ಕೇಳಿದಳು. ಮೊದಲ ದಿನ ಒಂಬತ್ತು ಗೇಟು, ಮಾರನೆಯ ದಿನ ಆರು. ಕೆಲವು ಕಡೆ ನಕ್ಕರು. ಒಂದು ಕಡೆ ಸೆಕ್ಯೂರಿಟಿಯವನೇ, ಅಕ್ಕ, ನಂಗೇ ಕುರ್ಚಿ ಇಲ್ಲ ಎಂದ. ಮೂರನೆಯ ದಿನ, ಗುರುವಾರ, ಸಣ್ಣದೊಂದು ಶೆಡ್ಡಿನಲ್ಲಿ ಶ್ಯಾಮಣ್ಣ ಎಂಬ ಮಾಲೀಕರು ಅವಳನ್ನು ಒಳಗೆ ಕರೆದರು. ಅಲ್ಲಿ ಸ್ಟೀಲಿನ ನಟ್ಟು ತಯಾರಾಗುತ್ತಿತ್ತು. ಅವರು ಒಂದು ಹಿಡಿ ನಟ್ಟನ್ನು ತಟ್ಟೆಯಲ್ಲಿ ಹಾಕಿ ಮುಂದಿಟ್ಟರು. ಶೇಖವ್ವ ನಾಲ್ಕನ್ನು ತೆಗೆದು ಪಕ್ಕಕ್ಕಿಟ್ಟಳು. ಶ್ಯಾಮಣ್ಣ ಕನ್ನಡಕ ಏರಿಸಿ ಆ ನಾಲ್ಕನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ವರ್ಷ?"

"ಹನ್ನೊಂದ್ರಿ."

"ಅಲ್ಲಿ ಯಾಕೆ ಬಿಡ್ತಿದ್ದೀಯಮ್ಮ?"

"ಅಲ್ಲಿ ನಿಲ್ಲಬೇಕ್ರಿ. ಇಂಗ್ಲಿಷೂ ಬರ್ತೈತಿ, ಹೋಲಿಸಾಕ ಆಗೂವಷ್ಟು."

"ಅದು ನಮಗೆ ಬೇಡ," ಎಂದರು ಶ್ಯಾಮಣ್ಣ. ಗೋಡೆಗೆ ಒರಗಿಸಿದ್ದ ಮಡಚುವ ಕುರ್ಚಿಯನ್ನು ಬಿಡಿಸಿ ಇಟ್ಟರು. ಶೇಖವ್ವ ಅದರ ಮೇಲೆ ಕೂತಳು. ಕೆಲಸ ಸಿಕ್ಕಿತೇ ಎಂದು ಕೇಳುವುದನ್ನು ಮರೆತು ಐದು ನಿಮಿಷ ಹಾಗೇ ಕೂತಿದ್ದಳು.

ಹದಿನೈದು ದಿನ ಮೊದಲೇ ಹೇಳಿ ಬಿಡಬೇಕೆಂಬ ನಿಯಮ ಇತ್ತು. ಹೇಳಿದಳು. ನಂದೀಶ್, ಆಗಸ್ಟ್ ಅಂದ್ನಲ್ಲಮ್ಮ ಎಂದ. ಹೌದ್ರಿ ಅಂದಳು. ಭುವನೇಶ್ವರಿ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ರಾತ್ರಿ ಏನೂ ಹೇಳದೆ ಎಣ್ಣೆ ಬಟ್ಟಲು ಹಿಡಿದು ಮೇಲೆ ಬಂದಳು.

ಕೊನೆಯ ದಿನ ಎರಡು ಗಂಟೆಗೆ ಶೇಖವ್ವ ತನ್ನ ಅರಗಳನ್ನು ಒರೆಸಿ ಸ್ಟೋರಿಗೆ ಕೊಟ್ಟಳು. ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ಇನ್ಸ್‌ಪೆಕ್ಷನ್ ಟೇಬಲ್ಲಿನ ಹತ್ತಿರ ಬಂದಾಗ ಕಾಡಪ್ಪ ಎರಡೂ ಕೈಯನ್ನು ಟೇಬಲ್ಲಿಗೆ ಊರಿ ಎದ್ದು ನಿಲ್ಲಲು ನೋಡಿದ.

"ಬ್ಯಾಡ," ಎಂದಳು ಅವಳು. "ಕುಂದ್ರು."

ಅವನು ಕೂತ. ಅವಳು ಅವನ ಮುಂದಿದ್ದ ಪೀಸೊಂದನ್ನು ಎತ್ತಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, ರಿಜೆಕ್ಟ್ ಡಬ್ಬಿಗೆ ಹಾಕಿದಳು. ಅವನು ಅದಕ್ಕೆ ರಫರ್ ಎಂದು ಬರೆದುಕೊಂಡ.

ಶೇಖವ್ವ ಆ ಕಾರ್ಖಾನೆ ಬಿಟ್ಟು ಹೋದದ್ದು ಯುಗಾದಿ ಕಳೆದ ನಾಲ್ಕನೆಯ ಶನಿವಾರ.